ಓಡುತ್ತಿರುವ ಕರ್ನಲ್‌ನ ಕೋಡ್ ಬದಲಾಯಿಸುವುದು: ಎಫ್‌ಟ್ರೇಸ್ ಎಷ್ಟು ಸುರಕ್ಷಿತ?

ಉಡುಪಿ_ಅಡ್ಮಿನ್

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಒಂದು ಸಹಕಾರಿ ಸಂಘದ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಸಂಜೆ ಪಿಗ್ಮಿ ಏಜೆಂಟರೆಲ್ಲ ಒಟ್ಟಿಗೆ ಲೆಕ್ಕ ಅಪ್‌ಲೋಡ್ ಮಾಡುವ ಹೊತ್ತಿಗೆ ಡೇಟಾಬೇಸ್ ನಿಧಾನ ಆಗುತ್ತದೆ. ಸಿಪಿಯು ಖಾಲಿ ಉಂಟು, ಮೆಮೊರಿ ಉಂಟು. ಆದರೂ ಎಫ್‌ಸಿಂಕ್ (ಬರೆದದ್ದು ಡಿಸ್ಕ್‌ಗೆ ಇಳಿಯುವವರೆಗೆ ಕಾಯುವ ಕರೆ) ಕೆಲವೊಮ್ಮೆ ಸೆಕೆಂಡುಗಟ್ಟಲೆ ನಿಂತುಬಿಡುತ್ತದೆ. ಫೈಲ್‌ಸಿಸ್ಟಂ ಇಎಕ್ಸ್‌ಟಿ4. ಎಕ್ಸ್86 ಯಂತ್ರ, 8 ಕೋರ್, ಲಿನಕ್ಸ್ ಕರ್ನಲ್ 6.1.

ಕರ್ನಲ್ ಒಳಗೆ ಯಾವ ಫಂಕ್ಷನ್ ಯಾವಾಗ ಓಡಿತು, ಎಷ್ಟು ಹೊತ್ತು ಹಿಡಿಯಿತು ಅಂತ ದಾಖಲಿಸುವ ಎಫ್‌ಟ್ರೇಸ್ ಹಾಕಿ ನೋಡೋಣ ಅಂದೆ. ನಮ್ಮ ಹಿರಿಯ ಇಂಜಿನಿಯರ್ ಒಪ್ಪಲಿಲ್ಲ. "ಅದು ಓಡುತ್ತಿರುವ ಕರ್ನಲ್‌ನ ಕೋಡನ್ನೇ ತಿದ್ದಿ ಬರೆಯುತ್ತದೆ. ಜನರ ದುಡ್ಡಿನ ಲೆಕ್ಕ ಇರುವ ಯಂತ್ರ. ಅದು ಹೇಗೆ ಸುರಕ್ಷಿತ ಅಂತ ವಿವರಿಸು, ಆಮೇಲೆ ಹಾಕು" ಅಂದರು. ನನಗೆ ವಿವರಿಸಲು ಆಗಲಿಲ್ಲ. ಯಾರಾದರೂ ತಿಳಿಸುತ್ತೀರಾ?

ಕದ್ರಿ_ಕರ್ನಲ್

ಹಾಕಬಹುದು. ಆದರೆ ನಿಮ್ಮ ಹಿರಿಯರು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಪೂರ್ತಿ ಉತ್ತರ ಬೇಕು.

ಕರ್ನಲ್ ಕಂಪೈಲ್ ಆಗುವಾಗ ಹೆಚ್ಚುಕಡಿಮೆ ಎಲ್ಲ ಫಂಕ್ಷನ್‌ಗಳ ಮೊದಲಲ್ಲಿ ಕಂಪೈಲರ್ ಒಂದು ಕಾಲ್, ಅಂದರೆ ಇನ್ನೊಂದು ಫಂಕ್ಷನ್ ಕರೆಯುವ ಇನ್‌ಸ್ಟ್ರಕ್ಷನ್, ಇಡುತ್ತದೆ. ಹಿಂದೆ ಅದು ಎಂಕೌಂಟ್ ಅನ್ನುವ ಫಂಕ್ಷನ್‌ಗೆ ಹೋಗುತ್ತಿತ್ತು, ಈಗ ಎಕ್ಸ್86ರಲ್ಲಿ ಫೆಂಟ್ರಿಗೆ. ಇಂಥ ಜಾಗಗಳು ಒಂದು ಕರ್ನಲ್‌ನಲ್ಲಿ ಹತ್ತಾರು ಸಾವಿರ ಇರುತ್ತವೆ. ಅವುಗಳ ವಿಳಾಸವೆಲ್ಲ ಒಂದು ಪಟ್ಟಿಯಲ್ಲಿ ಸೇರುತ್ತದೆ. ಬೂಟ್ ಶುರುವಾಗಿ ಇನ್ನೂ ಒಂದೇ ಸಿಪಿಯು ಓಡುತ್ತಿರುವಾಗ ಕರ್ನಲ್ ಈ ಕಾಲ್‌ಗಳನ್ನೆಲ್ಲ ಏನೂ ಮಾಡದ ನಾಪ್ ಆಗಿ ಬದಲಾಯಿಸಿಬಿಡುತ್ತದೆ. ಆಗ ಬೇರೆ ಕೋರ್ ಎದ್ದೇ ಇರುವುದಿಲ್ಲ, ಹಾಗಾಗಿ ಅಪಾಯ ಇಲ್ಲ. ಮಾಡ್ಯೂಲ್‌ಗಳಿಗೂ ಹೀಗೆಯೇ, ಅವು ಓಡಲು ಶುರು ಮಾಡುವ ಮೊದಲೇ ಈ ಕೆಲಸ ಮುಗಿಯುತ್ತದೆ.

ಕಷ್ಟ ಇರುವುದು ನೀವು ಟ್ರೇಸರ್ ಆನ್ ಮಾಡುವ ಹೊತ್ತಿನಲ್ಲಿ. 5 ಬೈಟ್‌ನ ನಾಪ್ ಹೋಗಿ 5 ಬೈಟ್‌ನ ಕಾಲ್ ಬರಬೇಕು. ನಿಮ್ಮ 8 ಕೋರ್‌ಗಳಲ್ಲಿ ಯಾವುದಾದರೂ ಒಂದು ಅದೇ ಕ್ಷಣದಲ್ಲಿ ಆ 5 ಬೈಟ್‌ಗಳನ್ನು ಓದುತ್ತಿರಬಹುದು. ಹಳೆಯದರ 2 ಬೈಟ್, ಹೊಸದರ 3 ಬೈಟ್ ಅದರ ಕೈಗೆ ಸಿಕ್ಕಿದರೆ ಯಂತ್ರ ಅಲ್ಲೇ ಬಿತ್ತು.

ಮೊದಲಿನ ದಾರಿ ಸ್ಟಾಪ್ ಮಷೀನ್. ಎಲ್ಲ ಕೋರ್‌ಗಳನ್ನೂ ಇಂಟರಪ್ಟ್ (ಹಾರ್ಡ್‌ವೇರ್ ನಡುವೆ ಬಂದು ಕರೆಯುವುದು) ಮುಚ್ಚಿ ಒಂದು ಕಡೆ ನಿಲ್ಲಿಸುವುದು, ಒಬ್ಬನೇ ಎಲ್ಲವನ್ನೂ ಬರೆಯುವುದು, ಆಮೇಲೆ ಬಿಡುವುದು. ಇದರಲ್ಲಿ ಎರಡು ತೊಂದರೆ. ಒಂದು, ಸಾವಿರಾರು ಜಾಗ ಬದಲಾಯಿಸುವಷ್ಟು ಹೊತ್ತು ಇಡೀ ಯಂತ್ರ ಸ್ತಬ್ಧ. ಇನ್ನೊಂದು, ಎನ್‌ಎಂಐ ಅನ್ನುವ ಇಂಟರಪ್ಟ್ ಮುಚ್ಚಿದರೂ ನಿಲ್ಲುವುದಿಲ್ಲ. ಅದು ನಡುವೆ ಬಂದು ಅರ್ಧ ಬರೆದ ಫಂಕ್ಷನ್‌ಗೇ ಕಾಲಿಡಬಹುದು. ಅದಕ್ಕಾಗಿ ಎನ್‌ಎಂಐ ಕೋಡ್‌ನಲ್ಲಿ ಬೇರೆ ಏರ್ಪಾಡು ಮಾಡಬೇಕಾಗಿತ್ತು.

2012ರಲ್ಲಿ ಬಂದ 3.5 ಕರ್ನಲ್‌ನಿಂದ ಎಕ್ಸ್86ರಲ್ಲಿ ಬ್ರೇಕ್‌ಪಾಯಿಂಟ್ ದಾರಿ ಉಂಟು. ಇಂಟ್3 ಅನ್ನುವ ಇನ್‌ಸ್ಟ್ರಕ್ಷನ್ ಒಂದೇ ಬೈಟ್, ಹೆಕ್ಸ್‌ನಲ್ಲಿ ಸಿಸಿ. ಒಂದು ಬೈಟ್ ಅರ್ಧ ಬರೆದ ಸ್ಥಿತಿಯಲ್ಲಿ ಯಾರಿಗೂ ಕಾಣುವುದಿಲ್ಲ. ಮೊದಲು 5 ಬೈಟ್‌ಗಳಲ್ಲಿ ಮೊದಲನೆಯದರ ಮೇಲೆ ಇಂಟ್3 ಬರೆಯುತ್ತಾರೆ. ಎಲ್ಲ ಕೋರ್‌ಗಳಿಗೂ ಸಂದೇಶ ಕಳಿಸಿ, ಅವು ಮೊದಲೇ ಓದಿಟ್ಟುಕೊಂಡದ್ದನ್ನೆಲ್ಲ ಬಿಟ್ಟು ಹೊಸದಾಗಿ ಓದುವಂತೆ ಮಾಡುತ್ತಾರೆ. ಈಗ ಆ ಜಾಗಕ್ಕೆ ಬಂದ ಯಾವ ಕೋರ್ ಆದರೂ ಬ್ರೇಕ್‌ಪಾಯಿಂಟ್ ಹ್ಯಾಂಡ್ಲರ್‌ಗೆ ಹೋಗುತ್ತದೆ. ಹಿಂದಿನ 4 ಬೈಟ್ ಕಡೆಗೆ ಯಾರೂ ನೋಡುವುದಿಲ್ಲ. ಆಗ ಆ 4 ಬೈಟ್ ಬರೆಯುತ್ತಾರೆ, ಮತ್ತೆ ಎಲ್ಲ ಕೋರ್‌ಗಳಿಗೂ ಸಂದೇಶ. ಕೊನೆಗೆ ಮೊದಲ ಬೈಟ್‌ನಲ್ಲಿ ಇಂಟ್3 ತೆಗೆದು ಕಾಲ್‌ನ ಮೊದಲ ಬೈಟ್ ಇಡುತ್ತಾರೆ, ಇನ್ನೊಮ್ಮೆ ಸಂದೇಶ.

ಘಟ್ಟದ ರಸ್ತೆ ಗೊತ್ತಿರುವವರಿಗೆ ಇದು ಬೇಗ ಹಿಡಿಸುತ್ತದೆ. ಶಿರಾಡಿಯಲ್ಲಿ ಕೆಲಸ ಆಗುವಾಗ ವಾಹನಗಳನ್ನೆಲ್ಲ ನಿಲ್ಲಿಸಿ ಕಾಯಿಸುವುದು ಸ್ಟಾಪ್ ಮಷೀನ್. ಕೆಳಗೇ ಬೋರ್ಡ್ ಇಟ್ಟು, ಬಂದವರನ್ನು ಚಾರ್ಮಾಡಿಗೆ ತಿರುಗಿಸಿ, ಆಮೇಲೆ ಮೇಲೆ ಡಾಂಬರು ಹಾಕುವುದು ಇಂಟ್3. ಬೋರ್ಡ್ ಇಡುವುದು ಮೊದಲು, ತೆಗೆಯುವುದು ಕೊನೆಗೆ.

ಇದರಲ್ಲಿ ಗಮನಿಸಬೇಕಾದ್ದು, ಬೇಗ ಬರೆದು ಮುಗಿಸಬೇಕು ಅನ್ನುವ ಆತುರ ಎಲ್ಲೂ ಇಲ್ಲ. ಯಾವ ಕ್ಷಣದಲ್ಲಿ ಯಾವ ಕೋರ್ ಬಂದು ನೋಡಿದರೂ ಅಲ್ಲಿ ಪೂರ್ತಿಯಾದ, ಅರ್ಥ ಇರುವ ಇನ್‌ಸ್ಟ್ರಕ್ಷನ್ ಇರಬೇಕು. ಅದೊಂದೇ ನಿಯಮ. ಮಧ್ಯೆ ಎಷ್ಟು ಹೊತ್ತಾದರೂ ಪರವಾಗಿಲ್ಲ. ನಿಮ್ಮ ಹಿರಿಯರಿಗೆ ಇದನ್ನೇ ಹೇಳಿ.

ಸುರತ್ಕಲ್_ಎಂಟೆಕ್

ಸರ್, ಒಂದು ಸಂಶಯ. 64 ಬಿಟ್ ಪ್ರೊಸೆಸರ್ 8 ಬೈಟನ್ನು ಒಂದೇ ಏಟಿಗೆ ಬರೆಯುತ್ತದಲ್ವಾ? 5 ಬೈಟ್ ಬರೆಯಲು ಇಷ್ಟೆಲ್ಲ ಹಂತ ಯಾಕೆ?

ಕದ್ರಿ_ಕರ್ನಲ್

ಒಳ್ಳೆಯ ಪ್ರಶ್ನೆ. ಡೇಟಾ ಬರೆಯುವ ಭರವಸೆ ಬೇರೆ, ಇನ್‌ಸ್ಟ್ರಕ್ಷನ್ ಓದುವ ಭರವಸೆ ಬೇರೆ. ಎಕ್ಸ್86ರಲ್ಲಿ ಇನ್‌ಸ್ಟ್ರಕ್ಷನ್‌ಗಳು ಯಾವ ವಿಳಾಸದಿಂದ ಬೇಕಾದರೂ ಶುರುವಾಗಬಹುದು. ಆ 5 ಬೈಟ್ ಎರಡು ಕ್ಯಾಶ್ ಲೈನ್‌ಗಳ (ಪ್ರೊಸೆಸರ್ ಮೆಮೊರಿಯನ್ನು ಒಂದು ಸಲಕ್ಕೆ ಎತ್ತಿಕೊಳ್ಳುವ ತುಂಡುಗಳ) ನಡುವೆ ಹರಿದಿರಬಹುದು, ಎರಡು ಪುಟಗಳ ನಡುವೆ ಕೂಡ. ಅಲ್ಲಿ ಒಂದೇ ಏಟಿನ ಬರಹ ಸಿಗುವುದಿಲ್ಲ.

ಒಂದೇ ಲೈನ್‌ನಲ್ಲಿದ್ದರೂ ಸಮಸ್ಯೆ ಮುಗಿಯುವುದಿಲ್ಲ. ಒಂದು ಕೋರ್ ಬರೆದ ಕೋಡನ್ನು ಇನ್ನೊಂದು ಕೋರ್ ಓಡಿಸುವುದನ್ನು ಇಂಟೆಲ್ ಕೈಪಿಡಿ ಪ್ರತ್ಯೇಕವಾಗಿ ಹೇಳುತ್ತದೆ. ಓಡಿಸುವ ಕೋರ್ ಮೊದಲು ಸೀರಿಯಲೈಸ್ ಮಾಡುವ, ಅಂದರೆ ಮೊದಲೇ ಓದಿಟ್ಟದ್ದನ್ನು ಬಿಟ್ಟು ಹೊಸದಾಗಿ ಓದಿಸುವ, ಒಂದು ಇನ್‌ಸ್ಟ್ರಕ್ಷನ್ ಓಡಿಸಿರಬೇಕು ಅನ್ನುತ್ತದೆ. ಎಲ್ಲ ಕೋರ್‌ಗಳಿಗೂ ಸಂದೇಶ ಹೋಗುವುದು ಅದಕ್ಕೇ.

ಇನ್ನೊಂದು ಸೂಕ್ಷ್ಮ ಉಂಟು. 5 ಬೈಟ್‌ನ ನಾಪ್ ಒಂದೇ ಇನ್‌ಸ್ಟ್ರಕ್ಷನ್ ಆಗಿರಬೇಕು. 3 ಬೈಟ್, 2 ಬೈಟ್ ಅಂತ ಎರಡು ನಾಪ್ ಜೋಡಿಸಿದರೆ ಒಂದು ಟಾಸ್ಕ್ (ಓಡುತ್ತಿರುವ ಕೆಲಸ) ಮೊದಲನೆಯದನ್ನು ದಾಟಿ, ಎರಡನೆಯದರ ಮುಂದೆ ನಿಂತಿರುವಾಗ ಸಿಪಿಯು ಹಂಚುವ ಶೆಡ್ಯೂಲರ್ ಅದನ್ನು ಬದಿಗೆ ಕೂರಿಸಬಹುದು. ನಾವು ಕಾಲ್ ಬರೆದು ಮುಗಿಸಿದ ಮೇಲೆ ಆ ಟಾಸ್ಕ್ ಎದ್ದರೆ ಕಾಲ್‌ನ ನಟ್ಟನಡುವೆ ಇಳಿಯುತ್ತದೆ. ಇದಕ್ಕೆ ಇಂಟ್3 ಕೂಡ ಸಹಾಯಕ್ಕೆ ಬರುವುದಿಲ್ಲ, ಸ್ಟಾಪ್ ಮಷೀನ್ ಕೂಡ ಬರುವುದಿಲ್ಲ.

ಸುರತ್ಕಲ್_ಎಂಟೆಕ್

ಓಹ್, ಟಾಸ್ಕ್ ಮಲಗಿರುವ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಥ್ಯಾಂಕ್ಸ್ ಸರ್. ಇಂಟ್3ಗೆ ಬಿದ್ದ ಕೋರ್ ಅಲ್ಲಿಂದ ಮುಂದೆ ಎಂತ ಮಾಡುತ್ತದೆ?

ಕದ್ರಿ_ಕರ್ನಲ್

ಮೊದಲೆಲ್ಲ ಎಫ್‌ಟ್ರೇಸ್‌ನ ಹ್ಯಾಂಡ್ಲರ್ ಅದನ್ನು ನಾಪ್ ಅಂತಲೇ ತಿಳಿದು 5 ಬೈಟ್ ಮುಂದಕ್ಕೆ ಕಳಿಸುತ್ತಿತ್ತು. ಟ್ರೇಸ್‌ನಲ್ಲಿ ಒಂದೆರಡು ಸಾಲು ತಪ್ಪಿದರೆ ದೊಡ್ಡ ವಿಷಯ ಅಲ್ಲ. ಆದರೆ ರೀಬೂಟ್ ಮಾಡದೆ ಕರ್ನಲ್‌ನ ದೋಷ ಸರಿಪಡಿಸುವ ಲೈವ್ ಪ್ಯಾಚಿಂಗ್ ಕೂಡ ಇದೇ ಜಾಗವನ್ನು ಬಳಸುತ್ತದೆ. ಅಲ್ಲಿ ಮೊದಲೇ ಒಂದು ಕಾಲ್ ಇದ್ದು, ಅದನ್ನು ಇನ್ನೊಂದು ಕಾಲ್‌ಗೆ ಬದಲಾಯಿಸುವಾಗ ನಡುವೆ ನಾಪ್ ಅಂತ ದಾಟಿಸಿದರೆ, ಸರಿಪಡಿಸಿದ ಫಂಕ್ಷನ್ ಬದಲು ಹಳೆಯದೇ ಓಡಿಬಿಡುತ್ತದೆ. ಅದಕ್ಕೆ 2019ರ 5.2 ಕರ್ನಲ್‌ನಲ್ಲಿ ಹ್ಯಾಂಡ್ಲರ್ ಒಳಗೇ ಕಾಲ್ ಅನುಕರಿಸುವ ಬದಲಾವಣೆ ಬಂತು. ಮರಳಬೇಕಾದ ವಿಳಾಸವನ್ನು ಸ್ಟ್ಯಾಕ್‌ಗೆ ಹಾಕಿ, ಹೋಗಬೇಕಾದ ಕಡೆಗೆ ನೇರ ಕಳಿಸುತ್ತದೆ. ಯಾವ ಕರೆಯೂ ತಪ್ಪುವುದಿಲ್ಲ.

ಆ ಹ್ಯಾಂಡ್ಲರ್ ಮತ್ತು ಅದು ಕರೆಯುವ ಫಂಕ್ಷನ್‌ಗಳನ್ನು ಟ್ರೇಸ್ ಮಾಡಲು ಬಿಡುವುದಿಲ್ಲ. ಬಿಟ್ಟರೆ ಇಂಟ್3 ಹ್ಯಾಂಡ್ಲರ್ ತನ್ನೊಳಗಿನ ಇಂಟ್3ಗೆ ತಾನೇ ಬೀಳುತ್ತದೆ. ಕರ್ನಲ್ ಸೋರ್ಸ್‌ನಲ್ಲಿ ನೋಟ್ರೇಸ್, ನೋಇನ್‌ಸ್ಟ್ರ್ ಅಂತ ಗುರುತು ಇರುವುದು ಇಂಥವಕ್ಕೆ.

ಬಂದರು_ರಸ್ತೆ

ಈ ಕತೆ ಹೇಳದೆ ಇದ್ದರೆ ಚರ್ಚೆ ಪೂರ್ತಿ ಆಗುವುದಿಲ್ಲ ಮಾರಾಯ್ರೇ. ಹಿರಿಯ ಇಂಜಿನಿಯರ್ ಹೆದರಿಕೆಗೆ ಗಟ್ಟಿಯಾದ ಕಾರಣ ಉಂಟು.

2008. ಸ್ಟೀವನ್ ರೋಸ್ಟೆಡ್ ಬರೆದ ಎಫ್‌ಟ್ರೇಸ್ 2.6.27ರ ಜೊತೆ ಬರುತ್ತಿತ್ತು. ಆ ಕರ್ನಲ್‌ನ ಪರೀಕ್ಷಾ ಆವೃತ್ತಿ ಓಡಿಸಿದ ಕೆಲವರ ಇಂಟೆಲ್ ನೆಟ್‌ವರ್ಕ್ ಕಾರ್ಡ್‌ಗಳು ಕೆಟ್ಟುಹೋದವು. ರೀಬೂಟ್ ಮಾಡಿದರೂ ಸರಿಯಾಗಲಿಲ್ಲ, ಯಾಕೆಂದರೆ ಕಾರ್ಡ್‌ನ ಒಳಗಿನ ಅಳಿಯದ ಮೆಮೊರಿಯೇ ಹಾಳಾಗಿತ್ತು. ಎಲ್ಲರೂ ಆ ಕಾರ್ಡ್‌ಗಳ ಇ1000ಇ ಡ್ರೈವರ್ ಮೇಲೆ ಅನುಮಾನ ಪಟ್ಟರು. ಹುಡುಕಿ ಹುಡುಕಿ ಕೊನೆಗೆ ಕಾರಣ ಸಿಕ್ಕಿದ್ದು ಎಫ್‌ಟ್ರೇಸ್‌ನಲ್ಲಿ.

ಆಗ ಜಾಗಗಳ ಪಟ್ಟಿ ಕಂಪೈಲ್ ಹೊತ್ತಿನಲ್ಲಿ ತಯಾರಾಗುತ್ತಿರಲಿಲ್ಲ. ಫಂಕ್ಷನ್ ಮೊದಲ ಸಲ ಓಡಿದಾಗ ವಿಳಾಸ ಬರೆದಿಟ್ಟುಕೊಳ್ಳುತ್ತಿತ್ತು. ಹಿನ್ನೆಲೆಯಲ್ಲಿದ್ದು ಸೆಕೆಂಡಿಗೊಮ್ಮೆ ಏಳುವ ಒಂದು ಡೀಮನ್ ಆಮೇಲೆ ಅದನ್ನು ನಾಪ್ ಮಾಡುತ್ತಿತ್ತು. ಮಾಡ್ಯೂಲ್‌ಗಳ ಆರಂಭದ ಕೋಡ್ ಒಂದು ಸಲ ಓಡಿದ ಮೇಲೆ ಅದರ ಮೆಮೊರಿಯನ್ನು ಬಿಟ್ಟುಕೊಡುತ್ತಾರೆ. ವಿಳಾಸ ಮಾತ್ರ ಪಟ್ಟಿಯಲ್ಲಿ ಉಳಿದಿತ್ತು. ಅದೇ ವಿಳಾಸ ಆಮೇಲೆ ನೆಟ್‌ವರ್ಕ್ ಕಾರ್ಡ್‌ನ ಮೆಮೊರಿಗೆ ಮ್ಯಾಪ್ ಆಯಿತು. ಎಫ್‌ಟ್ರೇಸ್ ಸುಮ್ನೆ ಕಣ್ಣು ಮುಚ್ಚಿ ಬರೆಯಲಿಲ್ಲ. "ಇಲ್ಲಿ ನಾನು ನಿರೀಕ್ಷಿಸಿದ ಬೈಟ್ ಇದ್ದರೆ ಮಾತ್ರ ಬದಲಾಯಿಸು" ಅನ್ನುವ ಸಿಎಂಪಿಎಕ್ಸ್‌ಸಿಎಚ್‌ಜಿ ಇನ್‌ಸ್ಟ್ರಕ್ಷನ್ ಬಳಸಿತು. ಅದು ಹೊಂದದಿದ್ದರೆ ಬರೆಯುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಯಂತ್ರದ ಮಟ್ಟದಲ್ಲಿ ಹೊಂದದಿದ್ದರೂ ಇದ್ದ ಬೆಲೆಯನ್ನೇ ತಿರುಗಿ ಬರೆಯುತ್ತದೆ. ಸಾದಾ ರ‍್ಯಾಮ್‌ನಲ್ಲಿ ಅದು ಗೊತ್ತೇ ಆಗುವುದಿಲ್ಲ. ಹಾರ್ಡ್‌ವೇರ್‌ಗೆ ಹೋದರೆ ಆ ಬರಹ ಕೂಡ ಒಂದು ಆಜ್ಞೆ.

2.6.27.1ರಲ್ಲಿ ಡೈನಾಮಿಕ್ ಎಫ್‌ಟ್ರೇಸ್ ಅನ್ನೇ ಮುಚ್ಚಿದರು. 2.6.28ರಲ್ಲಿ ಕಂಪೈಲ್ ಹೊತ್ತಿನ ಪಟ್ಟಿ ಬಂತು, ಡೀಮನ್ ಹೋಯಿತು. ಈಗ ಬರೆಯುವ ಮೊದಲು ಓದುತ್ತದೆ, ಆ ಓದು ಕೂಡ ತಪ್ಪು ವಿಳಾಸ ಇದ್ದರೆ ಬೀಳದಂಥ ಓದು. ಬೈಟ್‌ಗಳು ನಿರೀಕ್ಷಿಸಿದ ಹಾಗೆ ಇಲ್ಲದಿದ್ದರೆ ಒಂದಕ್ಷರ ಬರೆಯುವುದಿಲ್ಲ. ಕರ್ನಲ್ ಲಾಗ್ ಆದ ಡಿಮೆಸ್ಗ್‌ನಲ್ಲಿ ದೊಡ್ಡ ಎಚ್ಚರಿಕೆ ಹಾಕಿ ಎಫ್‌ಟ್ರೇಸ್ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮತ್ತೆ ರೀಬೂಟ್ ಆಗುವವರೆಗೆ ಎದ್ದೇಳುವುದಿಲ್ಲ. ಇಷ್ಟು ಕಟ್ಟುನಿಟ್ಟು ಜಾಸ್ತಿ ಆಯಿತು ಅಂತ ಯಾರಾದರೂ ಅಂದರೆ ನಾನು ಆ ಕಾರ್ಡ್‌ಗಳ ಕತೆ ಹೇಳುತ್ತೇನೆ.

ಉಡುಪಿ_ಅಡ್ಮಿನ್

ಇದು ನನಗೆ ಗೊತ್ತೇ ಇರಲಿಲ್ಲ. ಹಿರಿಯರಿಗೆ ಓದಿ ಹೇಳಿದೆ. ಅವರಿಗೆ ಇನ್ನೊಂದು ಪ್ರಶ್ನೆ ಬಂತು. ಕರ್ನಲ್ ಕೋಡ್ ಇರುವ ಪುಟಗಳು ರೀಡ್ ಓನ್ಲಿ ಅಲ್ವಾ? ಹಾಗಿದ್ದ ಮೇಲೆ ಬರೆಯುವುದು ಹೇಗೆ? ಬರೆಯಲು ಬಾಗಿಲು ತೆರೆದರೆ ಬೇರೆಯವರೂ ನುಗ್ಗಬಹುದಲ್ಲ?

ಕದ್ರಿ_ಕರ್ನಲ್

ಕೋಡ್ ಪುಟಗಳ ಅನುಮತಿಯನ್ನು ಮುಟ್ಟುವುದಿಲ್ಲ. ಅದೇ ಭೌತಿಕ ಪುಟಕ್ಕೆ ಬೇರೊಂದು ವಿಳಾಸದಲ್ಲಿ ತಾತ್ಕಾಲಿಕವಾಗಿ, ಬರೆಯಬಹುದಾದ ಮ್ಯಾಪಿಂಗ್ ಮಾಡುತ್ತಾರೆ. 5.2ರಿಂದ ಇದಕ್ಕೇ ಅಂತ ಪ್ರತ್ಯೇಕ ಅಡ್ರೆಸ್ ಸ್ಪೇಸ್ ಉಂಟು. ಬರೆಯುವ ಕೋರ್ ಇಂಟರಪ್ಟ್ ಮುಚ್ಚಿ ಆ ಅಡ್ರೆಸ್ ಸ್ಪೇಸ್‌ಗೆ ಹೋಗಿ, ಬರೆದು, ಮ್ಯಾಪಿಂಗ್ ಅಳಿಸಿ ವಾಪಸ್ ಬರುತ್ತದೆ. ಉಳಿದ ಕೋರ್‌ಗಳಿಗೆ ಆ ಮ್ಯಾಪಿಂಗ್ ಕಾಣುವುದೇ ಇಲ್ಲ. ವಿಳಾಸವನ್ನೂ ಊಹಿಸಲು ಆಗದ ಹಾಗೆ ಆರಿಸಿರುತ್ತಾರೆ. ಎಲ್ಲ ಬದಲಾವಣೆಗೂ ಟೆಕ್ಸ್ಟ್ ಮ್ಯೂಟೆಕ್ಸ್ ಎಂಬ ಒಂದೇ ಬೀಗ, ಒಂದು ಹೊತ್ತಿಗೆ ಒಬ್ಬರೇ ಬರೆಯುವುದು.

ಮಲ್ಪೆ_ಬೋರ್ಡ್

ಕದ್ರಿ ಅಣ್ಣ, ನಾನು ಮಲ್ಪೆಯಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್‌ಗಳಿಗೆ ಉಷ್ಣಾಂಶ ದಾಖಲಿಸುವ ಚಿಕ್ಕ ಬೋರ್ಡ್ ಮಾಡುತ್ತೇನೆ. ಎಲ್ಲ ಆರ್ಮ್64. ಅಲ್ಲಿಯೂ ಇಂಟ್3 ತರಹದ್ದೇ ಉಂಟಾ?

ಕದ್ರಿ_ಕರ್ನಲ್

ಬೇಕಾಗುವುದಿಲ್ಲ. ಆರ್ಮ್64ರಲ್ಲಿ ಎಲ್ಲ ಇನ್‌ಸ್ಟ್ರಕ್ಷನ್‌ಗಳೂ 4 ಬೈಟ್, 4ರ ಗಡಿಯಲ್ಲೇ ಕೂರುತ್ತವೆ. ಕ್ಯಾಶ್ ಲೈನ್ ನಡುವೆ ಹರಿಯುವ ಮಾತೇ ಇಲ್ಲ. ನಾಪ್, ಬಿ, ಬಿಎಲ್, ಬಿಆರ್‌ಕೆ ತರಹದ ಕೆಲವನ್ನು ಇನ್ನೊಂದು ಕೋರ್ ಓಡಿಸುತ್ತಿರುವಾಗಲೇ ಬದಲಾಯಿಸಬಹುದು ಅಂತ ಆರ್ಮ್ ತನ್ನ ನಿಯಮದಲ್ಲೇ ಬರೆದಿದೆ. ನೋಡುವ ಕೋರ್‌ಗೆ ಹಳೆಯದು ಸಿಗಬಹುದು, ಇಲ್ಲವೇ ಹೊಸದು ಸಿಗಬಹುದು. ಎರಡರ ಮಿಶ್ರಣ ಸಿಗುವುದಿಲ್ಲ. ಆಮೇಲೆ ಇನ್‌ಸ್ಟ್ರಕ್ಷನ್ ಕ್ಯಾಶ್ ಸ್ವಚ್ಛ ಮಾಡಬೇಕು, ಅಷ್ಟೆ.

ಅಲ್ಲಿ ಪ್ರತಿ ಫಂಕ್ಷನ್ ಮೊದಲಿಗೆ ಕಂಪೈಲರ್ ಎರಡು ನಾಪ್ ಬಿಡುತ್ತದೆ. ಮೊದಲನೆಯದನ್ನು ಆರಂಭದಲ್ಲೇ, ಮರಳುವ ವಿಳಾಸವನ್ನು ಇನ್ನೊಂದು ರಿಜಿಸ್ಟರ್‌ನಲ್ಲಿ ಉಳಿಸುವ ಇನ್‌ಸ್ಟ್ರಕ್ಷನ್ ಮಾಡಿ ಹಾಗೇ ಬಿಡುತ್ತಾರೆ. ಆನ್, ಆಫ್ ಆಗುವುದು ಎರಡನೆಯದು ಮಾತ್ರ. ಎರಡೆರಡನ್ನು ಒಟ್ಟಿಗೆ ಬದಲಾಯಿಸುವ ಪ್ರಸಂಗವೇ ಬಾರದ ಹಾಗೆ ಮಾಡಿದ್ದಾರೆ, ತುಂಬಾ ಚಂದದ ಯೋಚನೆ. ಮಿತಿ ಒಂದು ಉಂಟು. ಬಿಎಲ್ ಆಚೀಚೆ 128 ಎಂಬಿ ದೂರ ಮಾತ್ರ ಹೋಗುತ್ತದೆ. ದೂರದಲ್ಲಿರುವ ಮಾಡ್ಯೂಲ್‌ಗಳಿಗೆ ನಡುವೆ ಒಂದು ಮೆಟ್ಟಿಲು ಬೇಕು.

ಕಾರ್ಕಳ_ಸಿ

ಆನ್ ಮಾಡುವ ವಿಷಯವೇ ಎಲ್ಲರೂ ಹೇಳಿದಿರಿ. ಆಫ್ ಮಾಡುವುದು ಅದಕ್ಕಿಂತ ಕಷ್ಟ ಅಂತ ನನ್ನ ಅಭಿಪ್ರಾಯ.

ಕಾಲ್ ಹೋಗುವುದು ಒಂದು ಟ್ರಾಂಪೊಲಿನ್‌ಗೆ, ಅಂದರೆ ಆ ಟ್ರೇಸರ್‌ಗಾಗಿ ಆ ಹೊತ್ತಿಗೆ ತಯಾರಿಸಿದ ಒಂದು ತುಂಡು ಕೋಡ್‌ಗೆ. ಆಫ್ ಮಾಡಿದಾಗ ಕಾಲ್ ಮತ್ತೆ ನಾಪ್ ಆಗುತ್ತದೆ, ಹೊಸದಾಗಿ ಯಾರೂ ಅಲ್ಲಿಗೆ ಹೋಗುವುದಿಲ್ಲ. ಆದರೆ ಮೊದಲೇ ಹೋದವರು? ಒಂದು ಟಾಸ್ಕ್ ಟ್ರಾಂಪೊಲಿನ್ ಒಳಗಿರುವಾಗಲೇ ಶೆಡ್ಯೂಲರ್ ಅದನ್ನು ನಡುವೆ ನಿಲ್ಲಿಸಿ ಬದಿಗಿಟ್ಟಿರಬಹುದು. ನಾವು ಆ ಮೆಮೊರಿ ಬಿಟ್ಟುಕೊಟ್ಟರೆ ಅದು ಎದ್ದು ಬರುವುದು ಇನ್ಯಾರದೋ ಡೇಟಾ ಮೇಲೆ.

ಬಳಸುತ್ತಿರುವವರೆಲ್ಲ ಹೊರಬರುವವರೆಗೆ ಕಾದು ಆಮೇಲೆ ಮೆಮೊರಿ ಬಿಡುವ ಕರ್ನಲ್‌ನ ಸಾಮಾನ್ಯ ವಿಧಾನ, ಆರ್‌ಸಿಯು, ಇಲ್ಲಿ ಸಾಲದು, ಯಾಕೆಂದರೆ ಟ್ರಾಂಪೊಲಿನ್ ಒಳಗೆ ಆರ್‌ಸಿಯು ಬೀಗ ಹಾಕಲು ಜಾಗವೇ ಇಲ್ಲ. ಒಳಗೆ ಕಾಲಿಟ್ಟ ಕ್ಷಣದಿಂದಲೇ ರಕ್ಷಣೆ ಬೇಕು. ಇದಕ್ಕಾಗಿ 2014ರಲ್ಲಿ, 3.18 ಕರ್ನಲ್‌ನಲ್ಲಿ, ಪಾಲ್ ಮೆಕೆನ್ನಿ ಆರ್‌ಸಿಯು ಟಾಸ್ಕ್ಸ್ ಎಂಬ ಹೊಸ ಬಗೆ ಬರೆದರು. ಪ್ರತಿ ಟಾಸ್ಕ್ ತಾನಾಗಿ ಸಿಪಿಯು ಬಿಟ್ಟುಕೊಡುವವರೆಗೆ, ಅಥವಾ ಯೂಸರ್ ಸ್ಪೇಸ್‌ನಲ್ಲಿ ಕಾಣುವವರೆಗೆ ಕಾಯುವುದು. ಶೆಡ್ಯೂಲರ್ ಬಲವಂತವಾಗಿ ಬದಿಗಿಟ್ಟದ್ದು ಲೆಕ್ಕಕ್ಕಿಲ್ಲ. ತಾನಾಗಿ ಬಿಟ್ಟುಕೊಟ್ಟಿದೆ ಅಂದರೆ ಟ್ರಾಂಪೊಲಿನ್ ಒಳಗಿಲ್ಲ ಅಂತಲೇ ಅರ್ಥ, ಯಾಕೆಂದರೆ ಅಲ್ಲಿ ತಾನಾಗಿ ಮಲಗುವ ಕೋಡ್ ಇಲ್ಲ. ಎಲ್ಲರೂ ಹೊರಬಂದ ಮೇಲೆ ಮೆಮೊರಿ ಬಿಡುವುದು.

ಫಂಕ್ಷನ್ ಗ್ರಾಫ್ ಟ್ರೇಸರ್ ಬೇರೆಯೇ ರೀತಿ. ಅದು ಫಂಕ್ಷನ್ ಮರಳುವ ವಿಳಾಸವನ್ನೇ ಬದಲಾಯಿಸಿ ಇಡುತ್ತದೆ. ಒಂದು ಟಾಸ್ಕ್ ಡಿಸ್ಕ್‌ಗೆ ಕಾಯುತ್ತಾ ಎಷ್ಟು ಹೊತ್ತು ಬೇಕಾದರೂ ಮಲಗಿರಬಹುದು, ಟ್ರೇಸರ್ ಆಫ್ ಆದ ಮೇಲೂ. ಹಾಗಾಗಿ ಅದು ಮರಳಿ ಬರುವ ಹ್ಯಾಂಡ್ಲರ್ ಕರ್ನಲ್ ಮೂಲ ಕೋಡ್‌ನಲ್ಲೇ ಕಾಯಂ ಇರುತ್ತದೆ. ಅದನ್ನು ಯಾರೂ ಅಳಿಸುವುದಿಲ್ಲ.

ಕುಂದಾಪ್ರ_ನೆಟ್

ಇಷ್ಟೆಲ್ಲ ತಲೆಬಿಸಿ ಎಂತಕ್ಕೆ? ಕರ್ನಲ್ ಒಳಗೆ ಚಿಕ್ಕ ಪ್ರೋಗ್ರಾಂ ಓಡಿಸುವ ಬಿಪಿಎಫ್ ಬಳಸಿದರೆ ಕರ್ನಲ್ ಕೋಡ್ ಮುಟ್ಟಬೇಕಂತಲೇ ಇಲ್ಲ ಅಲ್ವಾ?

ಕಾರ್ಕಳ_ಸಿ

ಮುಟ್ಟುತ್ತದೆ. ಬಿಪಿಎಫ್‌ನ ಫಂಕ್ಷನ್ ಎಂಟ್ರಿ ಪ್ರೋಗ್ರಾಂ ಕೂತುಕೊಳ್ಳುವುದು ಇದೇ 5 ಬೈಟ್ ಮೇಲೆ. ಫಂಕ್ಷನ್ ಮೊದಲಲ್ಲಿ ಹಾಕಿದ ಕೆಪ್ರೋಬ್ (ಕರ್ನಲ್ ಕೋಡ್‌ನಲ್ಲಿ ನಾವೇ ಆರಿಸಿ ಇಡುವ ಕಾವಲು) ಕೂಡ ಎಫ್‌ಟ್ರೇಸ್ ಮೂಲಕವೇ ಹೋಗುತ್ತದೆ. ಟ್ರೇಸ್‌ಪಾಯಿಂಟ್ (ಕರ್ನಲ್ ಬರೆದವರೇ ಇಟ್ಟ ದಾಖಲೆ ಜಾಗ) ಆನ್ ಮಾಡಿದರೂ ಸ್ಟ್ಯಾಟಿಕ್ ಕೀ, ಅಂದರೆ ಕೋಡ್ ಒಳಗಿನ ಸ್ವಿಚ್, ಒಂದು ನಾಪ್ ಅನ್ನು ಜಂಪ್ ಆಗಿ ಬದಲಾಯಿಸುತ್ತದೆ, ಅದೂ ಇಂಟ್3 ದಾರಿಯಲ್ಲೇ. ಟ್ರೇಸಿಂಗ್ ಏನೂ ಮಾಡದ ಸರ್ವರ್‌ನಲ್ಲೂ ಸ್ಟ್ಯಾಟಿಕ್ ಕೀಗಳು ಆನ್ ಆಫ್ ಆಗುತ್ತಿರುತ್ತವೆ. ಉಡುಪಿಯವರ ಹಿರಿಯರಿಗೆ ಇದು ಮುಖ್ಯ ವಿಷಯ. ಅವರ ಯಂತ್ರ ಈ ಕೆಲಸವನ್ನು ಈಗಾಗಲೇ ಮಾಡುತ್ತಿದೆ.

ಕದ್ರಿ_ಕರ್ನಲ್

ಸರಿಯಾಗಿ ಹೇಳಿದಿರಿ. ಈಗ ಉಡುಪಿಯವರಿಗೆ ಕೆಲಸದ ಮಾತು.

ಕೋಡ್ ಬದಲಾಯಿಸುವುದು ಸುರಕ್ಷಿತ ಅಂದ ಮಾತ್ರಕ್ಕೆ ಎಲ್ಲ ಫಂಕ್ಷನ್ ಟ್ರೇಸ್ ಮಾಡಬಹುದು ಅಂತ ಅರ್ಥ ಅಲ್ಲ. ಫಿಲ್ಟರ್ ಇಲ್ಲದೆ ಫಂಕ್ಷನ್ ಟ್ರೇಸರ್ ಆನ್ ಮಾಡಿದರೆ ಯಂತ್ರ ಬೀಳುವುದಿಲ್ಲ, ಆದರೆ ಚೆನ್ನಾಗಿ ನಿಧಾನವಾಗುತ್ತದೆ. ಸಂಜೆ ಹೊತ್ತಿಗೆ ಅದು ಬೇಡ. ಮೊದಲು ಫಿಲ್ಟರ್, ಆಮೇಲೆ ಟ್ರೇಸರ್, ಯಾವತ್ತೂ ಈ ಕ್ರಮ ತಪ್ಪಬೇಡಿ. ಸಿಸ್ ಒಳಗಿನ ಕರ್ನಲ್ ಟ್ರೇಸಿಂಗ್ ಡೈರೆಕ್ಟರಿಗೆ ಹೋಗಿ, ಸೆಟ್_ಎಫ್‌ಟ್ರೇಸ್_ಫಿಲ್ಟರ್ ಫೈಲ್‌ಗೆ ಇಎಕ್ಸ್‌ಟಿ4_ಸಿಂಕ್_ಫೈಲ್ ಮತ್ತು ಜೆಬಿಡಿ2_ಲಾಗ್_ವೇಟ್_ಕಮಿಟ್ ಎರಡೇ ಹೆಸರು ಬರೆಯಿರಿ. ಟ್ರೇಸಿಂಗ್_ಥ್ರೆಶ್‌ಗೆ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ 200000 ಹಾಕಿ. ಆಮೇಲೆ ಕರೆಂಟ್_ಟ್ರೇಸರ್‌ಗೆ ಫಂಕ್ಷನ್_ಗ್ರಾಫ್. 0.2 ಸೆಕೆಂಡ್ ದಾಟಿದ ಕರೆಗಳು ಮಾತ್ರ ಕಾಣುತ್ತವೆ. ಮಲಗಿದ ಹೊತ್ತೂ ಅದರಲ್ಲಿ ಸೇರಿರುತ್ತದೆ, ನಿಮಗೆ ಬೇಕಾದ್ದೂ ಅದೇ.

ಎನೇಬಲ್ಡ್_ಫಂಕ್ಷನ್ಸ್ ಫೈಲ್ ನೋಡಿ. ಈ ಕ್ಷಣದಲ್ಲಿ ಯಾವ ಯಾವ ಫಂಕ್ಷನ್ ಬದಲಾಗಿದೆ ಅಂತ ಅದು ಹೇಳುತ್ತದೆ. ಹಿರಿಯರ ಎದುರಿಗೇ ತೆರೆದು ತೋರಿಸಿ. ಮತ್ತೆ, ಟ್ರೇಸಿಂಗ್_ಆನ್‌ಗೆ 0 ಬರೆದರೆ ದಾಖಲಿಸುವುದು ಮಾತ್ರ ನಿಲ್ಲುತ್ತದೆ, ಕಾಲ್‌ಗಳು ಹಾಗೇ ಇರುತ್ತವೆ. ಕೋಡ್ ಮೊದಲಿನ ಹಾಗೆ ಆಗಬೇಕಾದರೆ ಕರೆಂಟ್_ಟ್ರೇಸರ್‌ಗೆ ನಾಪ್ ಬರೆಯಬೇಕು. ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ.

ಉಡುಪಿ_ಅಡ್ಮಿನ್

ಹಿರಿಯರು ಒಪ್ಪಿದರು. ಮೊದಲು ಪರೀಕ್ಷೆಯ ಯಂತ್ರದಲ್ಲಿ, ಆಮೇಲೆ ನಿಜವಾದ ಸರ್ವರ್‌ನಲ್ಲಿ ಹಾಕಿದೆವು. ಎನೇಬಲ್ಡ್_ಫಂಕ್ಷನ್ಸ್‌ನಲ್ಲಿ ಎರಡೇ ಸಾಲು ನೋಡಿ ಅವರಿಗೆ ಸಮಾಧಾನ ಆಯಿತು.

ಉತ್ತರವೂ ಸಿಕ್ಕಿತು. ಸಮಯ ಪೂರ್ತಿ ಹೋಗುತ್ತಿದ್ದುದು ಜರ್ನಲ್ (ಫೈಲ್‌ಸಿಸ್ಟಂ ಬದಲಾವಣೆಗಳ ದಾಖಲೆ) ಡಿಸ್ಕ್‌ಗೆ ಕಮಿಟ್ ಆಗಲು ಕಾಯುವುದರಲ್ಲಿ. ಅದೇ ಹೊತ್ತಿಗೆ ಒಂದು ಬ್ಯಾಕಪ್ ಸ್ಕ್ರಿಪ್ಟ್ ಅದೇ ಪಾರ್ಟಿಷನ್‌ಗೆ ದೊಡ್ಡ ಫೈಲ್ ಬರೆಯುತ್ತಿತ್ತು. ಫೈಲ್‌ನ ಡೇಟಾ ಮೊದಲು, ಜರ್ನಲ್ ಕಮಿಟ್ ಆಮೇಲೆ ಅನ್ನುವ ಆರ್ಡರ್ಡ್ ಮೋಡ್ ಆದ್ದರಿಂದ ಡೇಟಾಬೇಸ್‌ನ ಚಿಕ್ಕ ಎಫ್‌ಸಿಂಕ್ ಕೂಡ ಬ್ಯಾಕಪ್‌ನ ಡೇಟಾ ಇಳಿಯುವವರೆಗೆ ಕಾಯುತ್ತಿತ್ತು. ಬ್ಯಾಕಪ್ ಅನ್ನು ಬೇರೆ ಡಿಸ್ಕ್‌ಗೆ ಹಾಕಿದೆವು. ಎಲ್ಲರಿಗೂ ತುಂಬಾ ಧನ್ಯವಾದ.

ಕೊನೆಯದಾಗಿ ಒಂದು. ಕೆಲಸ ಮುಗಿದ ಮೇಲೆ ಸಿಸ್‌ಕಂಟ್ರೋಲ್‌ನಲ್ಲಿ ಎಫ್‌ಟ್ರೇಸ್_ಎನೇಬಲ್ಡ್ ಅನ್ನು 0 ಮಾಡಿ ಇಟ್ಟರೆ ಇನ್ನೂ ಸುರಕ್ಷಿತವಾ?

ಬಂದರು_ರಸ್ತೆ

ಮಾಡಬೇಡಿ. ನಿಮ್ಮಲ್ಲಿ ಮುಂದೆ ಲೈವ್ ಪ್ಯಾಚ್ ಬಂದರೆ ಅದು ನಿಂತಿರುವುದು ಎಫ್‌ಟ್ರೇಸ್ ಮೇಲೆ. ಹಳೆ ಕರ್ನಲ್‌ಗಳಲ್ಲಿ ಇದನ್ನು 0 ಮಾಡಿದರೆ ಪ್ಯಾಚ್ ಆದ ಫಂಕ್ಷನ್‌ಗಳು ಸದ್ದಿಲ್ಲದೆ ಹಳೆಯ ದೋಷಕ್ಕೇ ಮರಳುತ್ತಿದ್ದವು. ಹೊಸ ಕರ್ನಲ್, ಅಂದರೆ ನಿಮ್ಮ 6.1 ಕೂಡ, ಲೈವ್ ಪ್ಯಾಚ್ ಇರುವಾಗ 0 ಬರೆಯಲು ಬಿಡುವುದಿಲ್ಲ. ಕರೆಂಟ್_ಟ್ರೇಸರ್‌ಗೆ ನಾಪ್ ಬರೆದು, ಫಿಲ್ಟರ್ ಖಾಲಿ ಮಾಡಿ, ಟ್ರೇಸಿಂಗ್_ಥ್ರೆಶ್ 0 ಮಾಡಿ. ಎನೇಬಲ್ಡ್_ಫಂಕ್ಷನ್ಸ್‌ನಲ್ಲಿ ನಿಮ್ಮ ಎರಡು ಹೆಸರು ಹೋಗಿವೆಯಾ ನೋಡಿ. ಹೋಗಿದ್ದರೆ ಆ ಜಾಗಗಳಲ್ಲಿ ಮತ್ತೆ ನಾಪ್ ಕೂತಿದೆ.